ಖರೀದಿ ಆತು, ಓದಿದವರು ಯಾರು?

‘ರಜಿಸ್ಟರ್ ಆಗೇತಿ. ಇಸಿ ನಿಲ್ ಬಂದೇತಿ. ಉತಾರದಾಗ ಹೆಸರು ಕುಂತೇತಿ. ಬ್ಯಾಂಕಿನವರು ಸಾಲ ಕೊಟ್ಟಾರ. ಇನ್ನೇನ್ ಬೇಕ್ರಿ?’

ಹಲಗೇರಿಯ ಕಟ್ಟೆಯ ಮೇಲಾಗಲಿ, ರಾಣೆಬೆನ್ನೂರಿನ ಚಹಾದಂಗಡಿಯಲ್ಲಾಗಲಿ, ಹೊಸದಾಗಿ ಮನೆ ಕೊಂಡವರನ್ನು ಕಾಗದಪತ್ರದ ಬಗ್ಗೆ ವಿಚಾರಿಸಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಇದೇ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಮಾರಿ ಬಂದ ರೊಕ್ಕದಲ್ಲಿ ಪ್ಲಾಟು ಹಿಡಿದವರೂ ಇದನ್ನೇ ಹೇಳುತ್ತಾರೆ, ಬೆಂಗಳೂರಿನಲ್ಲಿ ನೌಕರಿ ಮಾಡುತ್ತ ಊರಲ್ಲೊಂದು ಮನೆ ಇರಲಿ ಎಂದು ಕೊಂಡವರೂ ಇದನ್ನೇ ಹೇಳುತ್ತಾರೆ. ಪತ್ರಿಕೆಗಳಲ್ಲಿ ಬರುವ ‘ಮನೆ ಕೊಳ್ಳುವ ಮುನ್ನ’ ಮಾದರಿಯ ಲೇಖನಗಳು ಈ ನಾಲ್ಕು ಮಾತನ್ನು ಹತ್ತು ಕಾಗದಗಳ ಪಟ್ಟಿಯಾಗಿ ಹಿಗ್ಗಿಸುತ್ತವೆ. ನನ್ನ ತಕರಾರು ಆ ಪಟ್ಟಿಯ ಮೇಲೆ. ಅದರಲ್ಲಿರುವ ಕಾಗದಗಳೆಲ್ಲ ಬೇಕಾದವೇ. ಆದರೆ ಕಾಗದವನ್ನು ಕೂಡಿಹಾಕುವುದು, ಅದನ್ನು ಓದುವುದು ಬೇರೆ ಬೇರೆ ಕೆಲಸ. ಪಟ್ಟಿಗೆ ಒಂದೊಂದಾಗಿ ಗುರುತು ಹಾಕುತ್ತ ಹೋದವರು, ಆ ಕಾಗದಗಳು ಒಂದರ ಹಿಂದೊಂದು ಹೇಳುತ್ತಿರುವ ಕಥೆಯನ್ನು ಯಾರೋ ತಮ್ಮ ಪರವಾಗಿ ಓದಿಯೇ ಇರುತ್ತಾರೆ ಎಂದು ನಂಬಿಕೊಂಡಿರುತ್ತಾರೆ. ಪತ್ರ ಬರೆಯುವವರು ರಜಿಸ್ಟ್ರಾರರು ನೋಡುತ್ತಾರೆ ಅನ್ನುತ್ತಾರೆ. ಕೊಳ್ಳುವವರು ಬ್ಯಾಂಕಿನ ವಕೀಲರು ನೋಡಿದ್ದಾರೆ ಅನ್ನುತ್ತಾರೆ. ಬ್ಯಾಂಕು ತನಗೆ ಬೇಕಾದಷ್ಟನ್ನು ಮಾತ್ರ ನೋಡುತ್ತದೆ. ಕೊಂಡವನ ಸಲುವಾಗಿ ಓದಿದವರು ಈ ಸಾಲಿನಲ್ಲಿ ಯಾರೂ ಇಲ್ಲ.

ಮೊದಲನೆಯ ಮಾತು ‘ರಜಿಸ್ಟರ್ ಆಗೇತಿ’. 1908ರ ನೋಂದಣಿ ಕಾಯ್ದೆಯ ಪ್ರಕಾರ ಉಪನೋಂದಣಾಧಿಕಾರಿ ಖಾತ್ರಿ ಮಾಡಿಕೊಳ್ಳಬೇಕಾದದ್ದು ಮುಖ್ಯವಾಗಿ ಇಷ್ಟು: ಬರೆದುಕೊಟ್ಟವನು ತಾನು ಹೇಳಿಕೊಂಡ ಮನುಷ್ಯನೇ ಹೌದೇ, ಸಹಿ ತನ್ನದೇ ಎಂದು ಒಪ್ಪುತ್ತಾನೆಯೇ, ಮುದ್ರಾಂಕ ಶುಲ್ಕ ಸರಿಯಾಗಿ ತುಂಬಿದೆಯೇ. ಆ ಮನೆ ಮಾರುವವನದೇ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ತಮಿಳುನಾಡು ಈ ಪರೀಕ್ಷೆಯನ್ನೂ ನೋಂದಣಿ ಅಧಿಕಾರಿಯ ಹೆಗಲಿಗೆ ಹಾಕಿ ನಿಯಮ ಮಾಡಿತ್ತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೆ. ಗೋಪಿ ಪ್ರಕರಣದಲ್ಲಿ ಆ ನಿಯಮವನ್ನೇ ತೆಗೆದುಹಾಕಿತು. ಬರೆದುಕೊಡುವವನ ಮಾಲ್ಕಿ ಹಕ್ಕಿಗೂ ನೋಂದಣಿ ಅಧಿಕಾರಿಗೂ ಸಂಬಂಧವಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅಂದರೆ ಇನ್ನೊಬ್ಬರ ಮನೆಯನ್ನು ನಾನು ನಿಮಗೆ ಬರೆದುಕೊಟ್ಟರೂ ಪತ್ರ ನೋಂದಣಿಯಾಗಬಹುದು. ಆಗ ನಿಮ್ಮ ಕೈಗೆ ಬರುವುದು ನನಗಿದ್ದ ಹಕ್ಕು, ಅಂದರೆ ಸೊನ್ನೆ.

ಬೇರೆ ದೇಶಗಳ ಮಾತು ಬಂದಾಗ ಇಲ್ಲಿಯೇ ಗೊಂದಲವಾಗುತ್ತದೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ 1858ರಲ್ಲಿ ತಂದ ಪದ್ಧತಿಯಲ್ಲಿ ಸರ್ಕಾರದ ದಫ್ತರಿನಲ್ಲಿ ಹೆಸರು ಬಂದವನೇ ಮಾಲೀಕ. ದಫ್ತರು ತಪ್ಪಿದರೆ ಪರಿಹಾರ ಕೊಡುವ ವ್ಯವಸ್ಥೆಯೂ ಉಂಟು. ಇಂಗ್ಲೆಂಡಿನ ಭೂ ನೋಂದಣಿಯೂ ಇಂಥ ಭರವಸೆ ಕೊಡುತ್ತದೆ. ಅದರ ಮೇಲೆ, ಕೊಳ್ಳುವವನ ಪರವಾಗಿಯೇ ದಾಖಲೆ ಶೋಧಿಸುವ ಕನ್ವೆಯನ್ಸರ್ ಎಂಬ ವೃತ್ತಿಯವರಿದ್ದಾರೆ. ನಮ್ಮ ಕಾಯ್ದೆ ದಾಖಲಿಸುವುದು ವ್ಯವಹಾರವನ್ನು, ಮಾಲ್ಕಿಯನ್ನಲ್ಲ. ಭೂಮಿ, ಕಾವೇರಿ, ಇ-ಸ್ವತ್ತು ಎಂಬ ಸರ್ಕಾರದ ಗಣಕೀಕೃತ ದಾಖಲೆಗಳನ್ನು ನಾನು ಹಗುರ ಮಾಡುತ್ತಿಲ್ಲ. ಕೈಬರಹದ ಉತಾರಕ್ಕಾಗಿ, ಅಂದರೆ ಪಹಣಿಗಾಗಿ, ವಾರಗಟ್ಟಲೆ ಅಲೆದ ರೈತರನ್ನು ಕಂಡವನು ನಾನು. ಭೂಮಿ ಯೋಜನೆ ಆ ಅಲೆದಾಟ ತಪ್ಪಿಸಿದ್ದು ದೊಡ್ಡ ಉಪಕಾರ. ಆದರೆ ಗಣಕಯಂತ್ರಕ್ಕೆ ಏರಿದ್ದು ಹಳೆಯ ವಹಿಯಲ್ಲಿ ಇದ್ದದ್ದೇ. ಅಲ್ಲಿ ತಂಗಿಯ ಹೆಸರು ಬಿಟ್ಟುಹೋಗಿದ್ದರೆ ಇಲ್ಲಿಯೂ ಬಿಟ್ಟುಹೋಗಿದೆ, ಈಗ ಕ್ಯೂಆರ್ ಕೋಡಿನೊಂದಿಗೆ. ಉತಾರವಾಗಲಿ, ಪಂಚಾಯ್ತಿಯ ನಮೂನೆ 9 ಮತ್ತು 11 ಆಗಲಿ ಕರ ಯಾರಿಂದ ವಸೂಲಿ ಮಾಡಬೇಕು ಎಂಬ ಲೆಕ್ಕದಿಂದ ಹುಟ್ಟಿದವು. ಅವುಗಳಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲ್ಕಿ ಬರುವುದಿಲ್ಲ ಎಂದು ನ್ಯಾಯಾಲಯಗಳು ಹೇಳಿ ಹೇಳಿ ದಣಿದಿವೆ.

ಇಸಿಯ ಕಥೆ ಇನ್ನೂ ವಿಚಿತ್ರ. ಋಣಭಾರ ಪ್ರಮಾಣಪತ್ರ ಎಂಬ ಹೆಸರು ಕೇಳಿದರೆ, ಈ ಮನೆಯ ಮೇಲಿನ ಸಾಲಸೋಲವೆಲ್ಲ ಅದರಲ್ಲಿ ಇರುತ್ತದೆ ಎಂದು ಯಾರಾದರೂ ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಉಪನೋಂದಣಿ ಕಚೇರಿಯ ಒಂದನೇ ಪುಸ್ತಕದಿಂದ ತೆಗೆದ ಒಂದು ಸೂಚಿ. ಉಯಿಲು ಮೂರನೇ ಪುಸ್ತಕಕ್ಕೆ ಹೋಗುತ್ತದೆ, ಹಾಗಾಗಿ ಇಲ್ಲಿ ಕಾಣುವುದಿಲ್ಲ. ಹಿರಿಯರ ಮುಂದೆ ಬಾಯಿಮಾತಿನಲ್ಲಿ ಆದ ವಾಟ್ನಿ (ಆಸ್ತಿಯ ಪಾಲು) ಕಾಣುವುದಿಲ್ಲ. ನೂರು ರೂಪಾಯಿ ಬಾಂಡಿನ ಮೇಲೆ ಬರೆದು ಸಂಚಕಾರ ಕೊಟ್ಟ, ನೋಂದಣಿಯಾಗದ ಸಾಠೇಖತ್ (ಖರೀದಿ ಕರಾರು) ಕಾಣುವುದಿಲ್ಲ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತಂದ ಸಾಲ, ಅದರ ಬಗ್ಗೆ ಬರೆದ ಪತ್ರವನ್ನು ನೋಂದಾಯಿಸದಿದ್ದರೆ, ಕಾಣುವುದಿಲ್ಲ. ಇಂಥ ಸಾಲವನ್ನು ಹುಡುಕಲು 2011ರಿಂದ ಸೆರ್ಸಾಯ್ ಎಂಬ ಕೇಂದ್ರ ದಾಖಲೆ ಇದೆ, ಅಲ್ಪ ಶುಲ್ಕ ತುಂಬಿ ಯಾರು ಬೇಕಾದರೂ ನೋಡಬಹುದು. ನಮ್ಮ ಕಡೆ ಮನೆ ಕೊಳ್ಳುವವರ ಬಾಯಲ್ಲಿ ಆ ಹೆಸರು ಕೇಳಿದ್ದು ಬಹಳ ಅಪರೂಪ.

ಆನ್‌ಲೈನ್‌ನಲ್ಲಿ ಸಿಗುವ ಇಸಿ 2004ರ ಏಪ್ರಿಲ್ 1ರಿಂದ ಈಚಿನದು ಮಾತ್ರ. ಅದಕ್ಕಿಂತ ಹಿಂದಿನದನ್ನು ಕಚೇರಿಯ ಹಳೆಯ ಪುಸ್ತಕದಲ್ಲಿ ಹುಡುಕಿಸಬೇಕು. ಹುಡುಕಿಸುವವರು ಕಡಿಮೆ. ಇನ್ನೊಂದು ಸೂಕ್ಷ್ಮವಿದೆ: ಇಸಿ ಹುಡುಕುವುದು ನೀವು ಕೊಟ್ಟ ನಂಬರಿನ ಮೇಲೆ. ಒಂದೇ ಜಾಗಕ್ಕೆ ಮೊದಲು ರಿ.ಸ. (ಸರ್ವೆ) ನಂಬರು, ಎನ್‌ಎ (ಕೃಷಿಯೇತರ) ಆದ ಮೇಲೆ ಪ್ಲಾಟ್ ನಂಬರು, ಪಂಚಾಯ್ತಿಯ ವಿಪಿಸಿ ನಂಬರು, ಈಗ ಇ-ಸ್ವತ್ತಿನ ಉದ್ದನೆಯ ಅಂಕಿ. ಪೇಟೆಯಲ್ಲಾದರೆ ನಗರ ಸರ್ವೆಯ ಸಿಟಿಎಸ್ ನಂಬರೂ ಸೇರಿತು. ಕೊನೆಯ ಅಂಕಿ ಹಾಕಿ ಹುಡುಕಿದರೆ ಹಳೆಯ ವ್ಯವಹಾರ ಬರುವುದಾದರೂ ಹೇಗೆ? ಹಳೆಯ ಖರೀದಿಗಳ ನೆತ್ತಿಯ ಮೇಲೆ ‘ಧಾರವಾಡ ಜಿಲ್ಲೆ, ರಾಣೆಬೆನ್ನೂರ ತಾಲೂಕು’ ಎಂದಿರುವುದನ್ನು ನಮ್ಮವರೆಲ್ಲ ಕಂಡಿದ್ದಾರೆ. 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆಯಾಯಿತು. ಜಾಗ ಅಲ್ಲೇ ಇದ್ದು ವಿಳಾಸ ಮಾತ್ರ ಮೂರು ಸಲ ಬದಲಾದ ಮನೆಗಳು ಇಲ್ಲಿ ಸಾವಿರಾರು ಇವೆ. ಅವುಗಳ ‘ನಿಲ್’ ಇಸಿಯನ್ನು ಫ್ರೇಮು ಹಾಕಿಸಿದಂತೆ ಜೋಪಾನ ಮಾಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ವಕೀಲರು ಮೂವತ್ತು ವರ್ಷದ ಕಾಗದ ಕೇಳುವುದು ಏಕೆ ಎಂದು ಯಾರೂ ವಿವರಿಸುವುದಿಲ್ಲ. ಗಹಾಣ (ಅಡವು) ಇಟ್ಟವನು ಅದನ್ನು ಬಿಡಿಸಿಕೊಳ್ಳಲು ದಾವೆ ಹೂಡುವ ಅವಧಿ 1963ರ ಕಾಲಮಿತಿ ಕಾಯ್ದೆಯಲ್ಲಿ ಮೂವತ್ತು ವರ್ಷ. ಹಳೆಯ 1908ರ ಕಾಯ್ದೆಯಲ್ಲಿ ಅರವತ್ತಿತ್ತು. ಆ ಲೆಕ್ಕವೇ ರೂಢಿಯಾಗಿದೆ. ಆದರೆ ನಮ್ಮ ಸೀಮೆಯಲ್ಲಿ ಕಬ್ಜಾ ಗಹಾಣ, ಅಂದರೆ ಭೋಗ್ಯ, ಬಹಳ ಹಳೆಯ ಪದ್ಧತಿ. ಅಜ್ಜನ ಕಾಲದಲ್ಲಿ ಮನೆಯನ್ನು ಭೋಗ್ಯಕ್ಕೆ ಕೊಟ್ಟು ಊರು ಬಿಟ್ಟದ್ದು, ಭೋಗ್ಯದಲ್ಲಿ ಕುಳಿತವರೇ ಮುಂದೆ ಮಾಲೀಕರಂತೆ ಕರ ತುಂಬುತ್ತ ಬಂದದ್ದು ಊರೂರಲ್ಲೂ ಉಂಟು. 2014ರಲ್ಲಿ ಸಿಂಗ್ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಇಂಥ ಭೋಗ್ಯದಲ್ಲಿ ಗಹಾಣದ ತಾರೀಖಿನಿಂದ ಕಾಲಮಿತಿ ಎಣಿಸುವಂತಿಲ್ಲ ಎಂದು. ಮೂವತ್ತು ವರ್ಷದ ಕಾಗದ ಎಲ್ಲ ಸರಿ ಇದ್ದು ಮೂವತ್ತೈದನೆಯ ವರ್ಷದಲ್ಲಿ ಒಂದು ಭೋಗ್ಯಪತ್ರ ಮಲಗಿರಬಹುದು. ಇದನ್ನು ಇಸಿ ಹೇಳದಿದ್ದರೂ ಓಣಿಯ ಮುದುಕಿಯೊಬ್ಬಳು ಹೇಳಿಯಾಳು. ಆಸ್ತಿ ವರ್ಗಾವಣೆ ಕಾಯ್ದೆ ಕೂಡ ಇದನ್ನು ಒಂದು ರೀತಿಯಲ್ಲಿ ಒಪ್ಪುತ್ತದೆ: ಮನೆಯಲ್ಲಿ ವಾಸವಿರುವವನಿಗೆ ಏನೇ ಹಕ್ಕಿದ್ದರೂ ಅದು ಕೊಳ್ಳುವವನಿಗೆ ತಿಳಿದೇ ಇತ್ತು ಎಂದು ಅದು ಭಾವಿಸುತ್ತದೆ. ಬಾಡಿಗೆಯವರೆಂದು ತಿಳಿದು ಮಾತಾಡಿಸದೆ ಬಂದಿರಿ, ಅವರ ಕೈಯಲ್ಲಿ ಹಳೆಯ ಸಾಠೇಖತ್ ಇತ್ತು ಅನ್ನಿ. ‘ನನಗ ಗೊತ್ತಿರಲಿಲ್ಲ’ ಎಂಬ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ.

ಬ್ಯಾಂಕಿನ ಮಾತಿಗೆ ಬರುತ್ತೇನೆ. ‘ಕಾಗದ ಸರಿ ಇಲ್ಲದಿದ್ದರ ಬ್ಯಾಂಕಿನವರು ಲಕ್ಷಗಟ್ಟಲೆ ರೊಕ್ಕ ಕೊಡ್ತಿದ್ರೇನು?’ ಈ ಪ್ರಶ್ನೆಯಲ್ಲಿ ಬಲವಿದೆ, ತಳ್ಳಿಹಾಕುವಂತಿಲ್ಲ. ಬ್ಯಾಂಕಿನ ಪ್ಯಾನಲ್ ವಕೀಲರು ಓದುತ್ತಾರೆ, ಕೆಲವರು ಬಹಳ ಚೆನ್ನಾಗಿಯೇ ಓದುತ್ತಾರೆ. ಆದರೆ ಯಾರ ಸಲುವಾಗಿ? ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆಯ ಬೆಲೆಯ 90 ಪ್ರತಿಶತ, 75 ಲಕ್ಷದವರೆಗೆ 80, ಅದರ ಮೇಲೆ 75 ಪ್ರತಿಶತ ಮಾತ್ರ ಸಾಲ. ಮೊದಲು ಮುಳುಗುವುದು ನಿಮ್ಮ ಕೈಯಿಂದ ಹಾಕಿದ ರೊಕ್ಕ. ಮನೆ ಕೈತಪ್ಪಿದರೂ ಸಾಲ ಹೋಗುವುದಿಲ್ಲ, ಪಗಾರವಿದೆ, ಜಾಮೀನುದಾರನಿದ್ದಾನೆ. ವಕೀಲರ ಫೀ ನಿಮ್ಮಿಂದಲೇ ವಸೂಲಾಗಿರುತ್ತದೆ, ವರದಿ ಮಾತ್ರ ಬ್ಯಾಂಕಿನ ಫೈಲಿನಲ್ಲಿ ಇರುತ್ತದೆ. ನಾನು ಮನೆ ಸಾಲ ಮಾಡಿದಾಗ ಆ ವರದಿಯ ಒಂದು ಪ್ರತಿ ಕೇಳಿದೆ. ‘ಅದು ನಮ್ಮ ಒಳಗಿನ ಕಾಗದ’ ಅಂದರು. ನನ್ನ ಮನೆಯ ಬಗ್ಗೆ, ನನ್ನ ರೊಕ್ಕದಲ್ಲಿ ಬರೆಸಿದ ಓದು ನನಗೇ ಮುಚ್ಚಿದ ಕಾಗದ. ಈ ಪದ್ಧತಿಯನ್ನು ಯಾರೂ ಪ್ರಶ್ನಿಸದಿರುವುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಬಡ್ಡಿ ಕಡಿಮೆ ಎಂದು ಸಾಲವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಒಯ್ಯುವವರು ‘ಎರಡು ಬ್ಯಾಂಕು ನೋಡಿದ ಮನಿ ಇದು’ ಎಂದು ಹೆಮ್ಮೆಪಡುತ್ತಾರೆ. ಮೊದಲ ಬ್ಯಾಂಕು ಕಣ್ಣುತಪ್ಪಿ ಬಿಟ್ಟದ್ದನ್ನು ಎರಡನೆಯದು ಹಿಡಿದೇ ಹಿಡಿಯುತ್ತದೆ ಎಂಬುದಕ್ಕೆ ಯಾವ ಖಾತ್ರಿಯೂ ಇಲ್ಲ, ಏಕೆಂದರೆ ಎದುರಿಗಿರುವ ಕಾಗದದ ಕಟ್ಟು ಒಂದೇ. ಸಾಲ ವರ್ಗಾವಣೆಯಲ್ಲಿ ನಿಜವಾಗಿ ನೋಡಬೇಕಾದದ್ದು ಮೂಲಪತ್ರಗಳ ದಾರಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರಗಳನ್ನು ಮರಳಿಸಿ ನೋಂದಾಯಿತ ಬೋಜಾ (ಋಣಭಾರ) ತೆಗೆಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಕಾಗದ ಕೈಗೆ ಬಂದರೆ ಸಾಕೆಂದು ಬೋಜಾ ಕಡಿಮೆ ಮಾಡಿಸದೆ ಬಿಟ್ಟವರ ಉತಾರಗಳಲ್ಲಿ, ಎಂದೋ ತೀರಿದ ಸೊಸೈಟಿ ಸಾಲ ಇವತ್ತಿಗೂ ಹಾಗೇ ಕುಳಿತಿರುತ್ತದೆ.

ಇಷ್ಟು ಹೊರಗಿನ ಕಾಗದಗಳಾದವು. ನನ್ನ ಮುಖ್ಯ ಜಗಳ ಇರುವುದು ಖರೀದಿ ಪತ್ರದ ಜೊತೆಗೇ, ಅಥವಾ ಅದನ್ನು ನಾವು ಓದುವ ರೀತಿಯ ಜೊತೆಗೆ. ಅದರ ಭಾಷೆ ಹಳೆಯ ಗೊಡ್ಡು ಭಾಷೆ, ಎಲ್ಲ ಪತ್ರಗಳಲ್ಲೂ ಅದದೇ ಇರುತ್ತದೆ, ಹೆಸರು ನಂಬರು ರೊಕ್ಕ ನೋಡಿಕೊಂಡರೆ ಮುಗೀತು ಎಂದು ಓದಿದವರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಮನೆತನ ತನ್ನ ಆಯುಷ್ಯದಲ್ಲಿ ಕೊಳ್ಳುವ ಅತ್ಯಂತ ದುಬಾರಿ ಗದ್ಯ ಇದು. ಒಂದು ವಾಕ್ಯ ನೋಡಿ. ನಮ್ಮ ಕಡೆಯ ಖರೀದಿಗಳಲ್ಲಿ ಮಾರುವವನು ‘ನಮ್ಮ ಮನೆತನದ ಅಡಚಣಿ ಸಲುವಾಗಿ’ ಮಾರುತ್ತಿದ್ದೇನೆ ಎಂದು ಬರೆಸುತ್ತಾನೆ. ಇದನ್ನು ಬಾಂಡ್ ರೈಟರ್‌ನ ಅಲಂಕಾರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಆದರೆ ಅವಿಭಕ್ತ ಕುಟುಂಬದ ಆಸ್ತಿಯನ್ನು ಯಜಮಾನ ಒಬ್ಬನೇ ಮಾರಬೇಕಾದರೆ ಕುಟುಂಬದ ನಿಜವಾದ ಅಗತ್ಯವೋ ಆಸ್ತಿಯ ಹಿತವೋ ಇರಬೇಕು, ಅದನ್ನು ಕೊಳ್ಳುವವನು ವಿಚಾರಿಸಿ ನೋಡಿರಬೇಕು ಎಂಬುದು 1856ರ ಹನುಮಾನ್ ಪ್ರಸಾದ್ ಪ್ರಕರಣದ ಪ್ರಿವಿ ಕೌನ್ಸಿಲ್ ತೀರ್ಪಿನಿಂದ ಬಂದ ಬುನಾದಿ. ‘ಅಡಚಣಿ’ ಎಂಬ ಆ ಒಂದು ಶಬ್ದದ ಮೇಲೆ ಇಡೀ ಖರೀದಿ ನಿಂತಿದೆ. ಏನು ಅಡಚಣಿ? ಮಗಳ ಮದುವೆಯೇ, ದವಾಖಾನೆ ಖರ್ಚೇ, ಯಾವ ಸಾಲ, ಯಾರಿಗೆ? ಪತ್ರ ಬಾಯಿ ಬಿಡುವುದಿಲ್ಲ. ಹಾಗೆ ಬರೆದುಬಿಟ್ಟರೆ ಅದೇ ಪುರಾವೆಯಲ್ಲ. ಹದಿನೆಂಟು ತುಂಬಿದ ಮಗನೊಬ್ಬ ಎದ್ದು ಕೇಳಿದರೆ ರುಜುವಾತು ಮಾಡಬೇಕಾದವನು ಕೊಂಡವನು. ಅಲಂಕಾರವೆಂದು ಬಿಟ್ಟ ಮಾತೇ ಕಂಬವಾಗಿತ್ತು, ಅದನ್ನು ನಾವು ಟೊಳ್ಳು ಮಾಡಿ ನಿಲ್ಲಿಸಿದ್ದೇವೆ.

ಇನ್ನೊಂದು ವಾಕ್ಯ: ‘ನನ್ನ ಹೊರತು ಇದರಲ್ಲಿ ಯಾರಿಗೂ ಹಕ್ಕು ಸಂಬಂಧ ಇರುವುದಿಲ್ಲ.’ ಇಲ್ಲಿ ಅಳಿಸಿಹೋಗುವುದು ಹೆಚ್ಚಾಗಿ ಅಕ್ಕತಂಗಿಯರು. ಹೆಣ್ಣುಮಕ್ಕಳ ಪಾಲು 2005ರಲ್ಲಿ ಬಂದದ್ದು ಎಂಬುದು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದ ತಪ್ಪು. ತಂದೆ ಸ್ವಂತ ಗಳಿಸಿದ ಆಸ್ತಿಯನ್ನು ಉಯಿಲು ಬರೆಯದೆ ತೀರಿಕೊಂಡರೆ ಮಗಳಿಗೆ ಮಗನಷ್ಟೇ ಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿತ್ತು. ಆಗ ಇದ್ದ ಅಡ್ಡಿ ಸರಿಯಾಗಿ ಮನೆಗೇ ಸಂಬಂಧಿಸಿದ್ದು: 23ನೇ ಕಲಮಿನ ಪ್ರಕಾರ, ಕುಟುಂಬದವರು ವಾಸವಿರುವ ಮನೆಯಲ್ಲಿ ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. 2005ರ ತಿದ್ದುಪಡಿ ಆ ಕಲಮನ್ನು ಕಿತ್ತುಹಾಕಿತು, ಜೊತೆಗೆ ಪಿತ್ರಾರ್ಜಿತದಲ್ಲೂ ಮಗಳನ್ನು ಹುಟ್ಟಿನಿಂದಲೇ ಹಕ್ಕುದಾರಳನ್ನಾಗಿ ಮಾಡಿತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು, ತಂದೆ 2005ರಲ್ಲಿ ಬದುಕಿದ್ದನೋ ಇಲ್ಲವೋ ಎಂಬ ತಕರಾರನ್ನೂ ಮುಗಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಆದ ಮಾರಾಟ, ನೋಂದಾಯಿತ ವಾಟ್ನಿಗಳಿಗೆ ರಕ್ಷಣೆ ಉಂಟು.

ಹೀಗಿದ್ದರೂ ಅಪ್ಪ ಸತ್ತ ಮೇಲೆ ವಾರಸಾ ವರ್ದಿಯಲ್ಲಿ ಗಂಡುಮಕ್ಕಳ ಹೆಸರಷ್ಟೇ ಬರೆಸುವ ರೂಢಿ ಹೋಗಿಲ್ಲ. ‘ಉಡಿ ತುಂಬಿ ಕಳಿಸೇವಿ, ಬಂಗಾರ ಹಾಕೇವಿ, ಮತ್ತೇನು ಪಾಲು?’ ಎನ್ನುತ್ತಾರೆ. ಕೊಳ್ಳುವವರೂ ಆ ಮಾತಿಗೆ ತಲೆಯಾಡಿಸುತ್ತಾರೆ. ಕೆಲವು ವರ್ಷಗಳ ಮೇಲೆ ಅಕ್ಕ ದಾವೆ ಹಾಕಿದಾಗ ಅವಳನ್ನು ‘ತಂಟೆ ತೆಗೆದವಳು’ ಎಂದು ಕರೆಯುತ್ತೇವೆ. ನನ್ನ ತೀರ್ಮಾನ ಇದರಲ್ಲಿ ಸ್ಪಷ್ಟ: ಅವಳು ಆ ಮನೆಯ ಒಬ್ಬ ಮಾಲಕಿ, ಅವಳ ಸಹಿ ಇಲ್ಲದೆ ಅವಳ ಪಾಲನ್ನು ಕೊಂಡೆನೆಂದು ತಿಳಿದವನೇ ತಂಟೆಯನ್ನು ದುಡ್ಡು ಕೊಟ್ಟು ತಂದವನು. ‘ಮುಂದೆ ಏನಾದರೂ ತಕರಾರು ಬಂದಲ್ಲಿ ನನ್ನ ಸ್ವಂತ ಖರ್ಚಿನಿಂದ ನಿವಾರಿಸಿ ಕೊಡುತ್ತೇನೆ’ ಎಂದು ಪತ್ರದಲ್ಲಿ ಬರೆದಿದೆಯಲ್ಲ ಎಂದು ಕೇಳಬಹುದು. ಬರೆದಿದೆ. ಬರೆದವನು ಇದ್ದ ಒಂದು ಮನೆಯನ್ನೂ ನಿಮಗೇ ಮಾರಿ ದಾವಣಗೆರೆಯಲ್ಲಿ ಬಾಡಿಗೆ ಮನೆ ಹಿಡಿದಿರುತ್ತಾನೆ.

ಚಕ್ಕುಬಂದಿಯ ಮಾತು ಹೇಳದೆ ಮುಂದೆ ಹೋಗಲಾರೆ, ಪತ್ರದಲ್ಲಿ ನಾನು ಅತ್ಯಂತ ಪ್ರೀತಿಸುವ ಭಾಗ ಅದು. ಪೂರ್ವಕ್ಕೆ ಇಂಥವರ ಹಿತ್ತಲು, ಪಶ್ಚಿಮಕ್ಕೆ ಸಾರ್ವಜನಿಕ ಓಣಿ, ಉತ್ತರಕ್ಕೆ ಇಂಥವರ ದನದ ಕೊಟ್ಟಿಗೆ, ದಕ್ಷಿಣಕ್ಕೆ ಖುಲ್ಲಾ ಜಾಗ. ಅಳತೆ ಬಂದ ಮೇಲೆ ಇದೆಲ್ಲ ಹಳ್ಳಿ ಮಾತು ಎಂಬ ತಾತ್ಸಾರ ಬೆಳೆದಿದೆ. ಈಗ ಅರ್ಜಿಯ ಡಬ್ಬಿಗಳಲ್ಲಿ ‘ರಸ್ತೆ’, ‘ಇತರರ ಆಸ್ತಿ’ ಎಂದು ತುಂಬಿ ಮುಗಿಸುತ್ತಾರೆ. ಅಳತೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದಾಗ ಸಾಮಾನ್ಯವಾಗಿ ನ್ಯಾಯಾಲಯಗಳು ಎತ್ತಿಹಿಡಿಯುವುದು ಚಕ್ಕುಬಂದಿಯನ್ನು. ‘ಇತರರ ಆಸ್ತಿ’ ಎಂಬ ಚಕ್ಕುಬಂದಿಯಿಂದ ಯಾವ ಗೋಡೆ ಎಲ್ಲಿತ್ತೆಂದು ಯಾರು ಹೇಳಬೇಕು?

ನಾನು ಗೌರವಿಸುವ ಹಿರಿಯ ವಕೀಲರೊಬ್ಬರು ಈ ವಾದವನ್ನೆಲ್ಲ ಕೇಳಿ, ‘ಇಷ್ಟೆಲ್ಲ ನೋಡಕೋತ ಕುಂತರ ಹಳ್ಳ್ಯಾಗ ಯಾರೂ ಮನಿ ತಗೊಳ್ಳಂಗಿಲ್ಲ ತಮ್ಮಾ’ ಅಂದರು. ಗಂಭೀರವಾದ ಆಕ್ಷೇಪ. ಗ್ರಾಮಠಾಣಾದ ಮನೆಗಳಿಗೆ ಎಷ್ಟೋ ಸಲ ಕರದ ಪಾವತಿ ಬಿಟ್ಟರೆ ಮೂಲಪತ್ರವೇ ಇರುವುದಿಲ್ಲ. ಎಲ್ಲವೂ ಸರಿ ಇದ್ದರೇ ಕೊಳ್ಳುತ್ತೇನೆಂದರೆ ಕೊಳ್ಳಲು ಏನೂ ಉಳಿಯದು. ಆದರೆ ಓದಿದವನು ಬಿಟ್ಟೇ ಬರಬೇಕೆಂದು ನಾನು ಹೇಳಿಲ್ಲ. ಊರಿಗೆ ಹೋಗಿ ಅಕ್ಕತಂಗಿಯರ ಸಹಿ ತರಬಹುದು, ಬೆಲೆ ಇಳಿಸಬಹುದು, ರೊಕ್ಕದ ಒಂದು ಭಾಗವನ್ನು ತಡೆಹಿಡಿಯಬಹುದು, ಪತ್ರಿಕೆಯಲ್ಲಿ ಜಾಹೀರು ನೋಟೀಸು ಕೊಡಬಹುದು. ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಒಂದನೇ ಪುಸ್ತಕವನ್ನು ಶುಲ್ಕ ತುಂಬಿದ ಯಾರೇ ಆದರೂ ನೋಡಬಹುದು, ಹಿಂದಿನ ಖರೀದಿಗಳ ನಕಲು ಪಡೆಯಬಹುದು. ಮುದ್ರಾಂಕ ಶುಲ್ಕ 5 ಪ್ರತಿಶತ, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರ ಬದಲು 2 ಪ್ರತಿಶತ. ಮೂವತ್ತು ಲಕ್ಷದ ಮನೆಗೆ ಸರ್ಕಾರಕ್ಕೆ ಎರಡು ಲಕ್ಷದ ಮೇಲೆ ಕಟ್ಟುವವರು, ಆ ನಕಲುಗಳನ್ನು ತೆಗೆಸಿ ತಮ್ಮದೇ ಒಬ್ಬ ವಕೀಲರಿಂದ ಓದಿಸಲು ಕೆಲವು ಸಾವಿರ ಕೊಡಲು ಹಿಂದೆಮುಂದೆ ನೋಡುತ್ತಾರೆ.

ಪ್ರತಿಯೊಂದು ಖರೀದಿಯ ಕೊನೆಗೆ ‘ಓದಿಸಿ ಕೇಳಿ, ತಿಳಿದು, ಸ್ವಸಂತೋಷದಿಂದ ಬರೆದುಕೊಟ್ಟ ಪತ್ರ’ ಎಂಬ ಮಾತಿರುತ್ತದೆ. ಮೊದಲು ಹಾಗೆ ಓದಿಸುತ್ತಿದ್ದರು, ಏಕೆಂದರೆ ಸಹಿ ಹಾಕುವವರಿಗೆ ಓದು ಬರುತ್ತಿರಲಿಲ್ಲ. ನಮ್ಮ ಸೋದರಮಾವ ಹಲಗೇರಿಯಲ್ಲಿ ಮನೆ ಹಿಡಿದಾಗ ನೋಂದಣಿಯ ಹಿಂದಿನ ಸಂಜೆ ನಾನು ಹಟ ಹಿಡಿದು ಕರಡನ್ನು ಕಟ್ಟೆಯ ಮೇಲೆ ಜೋರಾಗಿ ಓದಿದೆ. ಮಾರುವ ಅಣ್ಣತಮ್ಮಂದಿರು ಮೊಬೈಲು ನೋಡುತ್ತಿದ್ದರು. ಸಹಿಗೆಂದು ಹಿರೇಕೆರೂರು ಕಡೆಯಿಂದ ಬಂದಿದ್ದ ಅವರ ಅಕ್ಕ ಮಾತ್ರ ಸೆರಗಿನ ತುದಿ ಹಿಡಿದುಕೊಂಡು ಕೇಳುತ್ತಿದ್ದರು. ಚಕ್ಕುಬಂದಿ ಮುಗಿಯುತ್ತಲೇ, ‘ಬಾವಿ ಎಲ್ಲಿ ಬಿಟ್ರಿ?’ ಅಂದರು. ಹಿತ್ತಲ ಬಾವಿಯಲ್ಲಿ ಈ ಮನೆಗೆ ಅರ್ಧ ಪಾಲು, ನೀರು ಸೇದಲು ಮೂರು ಮೊಳದ ಹಾದಿ ಇತ್ತು. ಪೆಟ್ಟಿಗೆಯಿಂದ ಅವರ ಅಪ್ಪನ ಖರೀದಿ ತೆಗೆಸಿ ನೋಡಿದೆವು, ಬಾವಿ ಅದರಲ್ಲಿತ್ತು. ನಂತರದ ಯಾವ ಕಾಗದದಲ್ಲೂ ಇರಲಿಲ್ಲ. ಆ ರಾತ್ರಿಯೇ ಒಂದು ಪುಟ ಬದಲಾಯಿಸಿ, ಬಾವಿ ಮತ್ತು ಹಾದಿಯನ್ನು ಸೇರಿಸಿದೆವು. ಮರುದಿನ ಆ ಅಕ್ಕನೇ ಮೊದಲು ಸಹಿ ಮಾಡಿದರು.